ಕೂತವರಿಗೆ ಮಾತ್ರ ಟೀ

ನನಗೆ ಮಾತಾಡಲು ಬರುವುದಿಲ್ಲವಂತೆ. ಹಾಗೆಂದವರು ನನ್ನ ಮಗಳ ಶಾಲೆಯ ದೊಡ್ಡ ಟೀಚರು. ‘ಮಾತಾಡೋಕೆ ಬರಲ್ಲ ಅಂದ್ಮೇಲೆ ಬಾಯಿ ಮುಚ್ಕೊಂಡಿರಬೇಕಮ್ಮ’ ಎಂದರು, ತುಂಬಿದ ಸಭೆಯಲ್ಲಿ. ಬರುತ್ತದೆ. ನನಗೆ ಚೆನ್ನಾಗಿಯೇ ಮಾತು ಬರುತ್ತದೆ. ಕೇಳುವವರಿಗೆ ಪುರಸೊತ್ತಿಲ್ಲ, ಅಷ್ಟೆ. ನಿಮಗಿದ್ದರೆ ಕೇಳಿ. ಇಲ್ಲದಿದ್ದರೆ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ.

ನಾನು ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಹೋಟೆಲಿನ ಮುಂದೆ ಗಾಜಿನ ಬಾಗಿಲು, ಬಣ್ಣದ ದೀಪ, ಹೂಕುಂಡ. ಹಿಂದೆ ಮೂರು ಕಡೆ ಗೋಡೆ, ಒಂದು ಕಡೆ ಮೋರಿ, ನಡುವೆ ನಾನು. ಬೆಳಿಗ್ಗೆ ಕುಕ್ಕರುಗಾಲಿನಲ್ಲಿ ಕೂತರೆ ಬೆನ್ನು ನೆಟ್ಟಗಾಗುವುದು ಸಂಜೆಗೆ. ಸೋಡಾಪುಡಿ ಮೊದಲು ಜಿಡ್ಡು ತಿನ್ನುತ್ತದೆ, ಆಮೇಲೆ ಬೆರಳಿನ ಸಂದಿ ತಿನ್ನುತ್ತದೆ. ಉಗುರು ಮೆತ್ತಗಾಗಿ ತಾನೇ ಎದ್ದು ಬರುತ್ತದೆ. ಉಪ್ಪು ಮುಟ್ಟಿದರೆ ಜೀವ ಹೋಗುತ್ತದೆ. ಮುಂದೆ ಕೂತು ತಿನ್ನುವವರ ಮುಖ ನಾನು ನೋಡಿಲ್ಲ, ಅವರ ಎಂಜಲು ನೋಡಿದ್ದೇನೆ. ಯಾರು ಎಷ್ಟು ಬಿಟ್ಟರು, ಯಾರು ತಟ್ಟೆಯಲ್ಲೇ ಕೈ ತೊಳೆದರು, ಯಾರು ಕಪ್ಪಿನೊಳಗೆ ಸಿಗರೇಟು ಆರಿಸಿದರು, ಎಲ್ಲಾ ಗೊತ್ತು. ಅದಕ್ಕೇ ದೊಡ್ಡವರೆಂದರೆ ನನಗೆ ಅಂಥಾ ಭಯವಿಲ್ಲ. ಇದ್ದರೂ ಅವರ ಎದುರು ನಿಂತಾಗ ಮಾತ್ರ.

ಮಗಳ ಹೆಸರು ಶಾಲೆಯಲ್ಲಿ ಬೇರೆ ಇದೆ, ನಾನು ಕರೆಯುವುದು ಸಣ್ಣಿ ಎಂದು. ಹುಟ್ಟುವಾಗ ಬೆಕ್ಕಿನ ಮರಿಯಷ್ಟೇ ಇದ್ದಳು. ಅವಳಪ್ಪ ಲಾರಿ ಜೊತೆ ಹೋದವನು. ಲಾರಿ ತಿರುಗಿ ಬಂತು, ಅವನು ಬರಲಿಲ್ಲ. ಹೋಗಲಿ ಪೀಡೆ. ಇದ್ದಾಗಲೂ ಲಾರಿಯಷ್ಟೇ ಸದ್ದು, ಲಾರಿಯಷ್ಟು ದುಡಿಮೆಯಿಲ್ಲ.

ಮಗುವನ್ನು ಎಲ್ಲಿ ಬಿಡಲಿ? ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋದೆ. ಗಲ್ಲಾದಲ್ಲಿ ಕೂರುವ ಯಜಮಾನರು ಅಂದೇ ಹೇಳಿದರು: ‘ನೋಡಮ್ಮ, ಮಗು ಇರಲಿ. ಮಗುವಿನ ಸದ್ದು ಇರಬಾರದು. ತಿನ್ನೋಕೆ ಬಂದೋರಿಗೆ ಮಗು ಅಳೋದು ಕೇಳಿಸಿದ್ರೆ ಊಟ ಸೇರಲ್ಲ.’

ಅಂದಿನಿಂದ ನಾನು ಅವಳಿಗೆ ಪಾಠ ಶುರು ಮಾಡಿದೆ. ಅಳಬಾರದು. ಕೇಳಬಾರದು. ತಿನ್ನುವವರ ಬಾಯಿ ನೋಡಬಾರದು. ಬೇರೆ ಮಕ್ಕಳು ಕಾಗೆ ಗುಬ್ಬಚ್ಚಿ ಕಲಿಯುವ ವಯಸ್ಸಿನಲ್ಲಿ ನನ್ನ ಮಗಳು ಇದನ್ನು ಕಲಿತಳು. ಒಮ್ಮೆ ಮೋರಿಯ ಅಂಚಿಗೆ ಜಾರಿ ಬಿದ್ದು ಹಣೆ ಒಡೆದುಕೊಂಡಳು. ರಕ್ತ ಮೂಗಿನ ಮೇಲೆ ಇಳಿಯುತ್ತಿತ್ತು. ಕೂಸು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಾ ನಿಂತಿತ್ತು. ಹಣೆ ಹಿಡಿದುಕೊಳ್ಳಲಿಲ್ಲ, ಬಾಯಿ ಹಿಡಿದುಕೊಂಡಿತ್ತು. ಅಡುಗೆಯವನು ನೋಡಿ, ‘ಎಂಥಾ ಮಗು ಹೆತ್ತಿದ್ಯಮ್ಮ, ಬಂಗಾರ, ಒಂದು ಸೊಲ್ಲಿಲ್ಲ’ ಅಂದ. ನನಗೆ ಹೆಮ್ಮೆಯಾಗಿತ್ತು.

ಬೆಳೆಯುತ್ತಾ ಅವಳಿಗೆ ಬೇರೆ ವಿದ್ಯೆಗಳೂ ಬಂದವು. ಯಜಮಾನರ ಚಪ್ಪಲಿ ಸದ್ದು ಕೇಳಿಯೇ ‘ಅಮ್ಮ, ಇವತ್ತು ಸಿಟ್ಟಲ್ಲಿದ್ದಾರೆ’ ಅನ್ನುತ್ತಿದ್ದಳು. ಸುಳ್ಳಾಗುತ್ತಿರಲಿಲ್ಲ. ಯಾರಾದರೂ ನಕ್ಕರೆ ಮೊದಲು ಅವರ ಮುಖ ನೋಡುತ್ತಿದ್ದಳು, ಆಮೇಲೆ ತಾನು ನಗುತ್ತಿದ್ದಳು. ಯಾರೂ ಬೈಯದಿದ್ದರೂ ‘ತಪ್ಪಾಯ್ತು’ ಅನ್ನುತ್ತಿದ್ದಳು. ನಮ್ಮ ಗಲ್ಲಿಯ ಮಕ್ಕಳು ಚೆಂಡಾಡುವಾಗ ಇವಳು ಮೋರಿಗೆ ಬಿದ್ದ ಚೆಂಡು ಎತ್ತಿ, ಒರೆಸಿ, ಅವರ ಕೈಗೆ ಕೊಡುವಳು. ‘ನೀನೂ ಆಡೇ’ ಎಂದರೆ, ‘ಆಡ್ತಾ ಇದೀನಲ್ಲಮ್ಮ’ ಅನ್ನುವಳು.

ಪಕ್ಕದ ಮನೆಯ ಇಸ್ತ್ರಿ ಅಜ್ಜಿ ಇದನ್ನು ನೋಡಿ ಒಂದು ದಿನ ಅಂದಳು. ಊರವರ ಬಟ್ಟೆ ಇಸ್ತ್ರಿ ಮಾಡುವವಳು, ನಾಲಿಗೆಯೂ ಇಸ್ತ್ರಿ ಪೆಟ್ಟಿಗೆಯಷ್ಟೇ ಬಿಸಿ.

‘ಅಲ್ವೇ, ಇದು ಮಗೂನೋ ಮುದುಕೀನೋ? ನಂಗಿಂತ ವಯಸ್ಸಾದ ಹಾಗಿದೆಯಲ್ಲೇ ಇದಕ್ಕೆ.’

‘ನಿನ್ನ ದೃಷ್ಟಿ ತಾಗತ್ತೆ, ಸುಮ್ನಿರಜ್ಜಿ’ ಅಂದೆ.

‘ದೃಷ್ಟಿ ತಾಗೋಕೆ ಮೈಮೇಲೆ ಏನಾದ್ರೂ ಇರಬೇಕಲ್ಲ’ ಅಂದಳು ಅಜ್ಜಿ.

ದೊಡ್ಡ ರಸ್ತೆಯ ಆ ಶಾಲೆಯಲ್ಲಿ ಬಡವರ ಮಕ್ಕಳಿಗೆ ಕೆಲವು ಸೀಟು ಪುಕ್ಕಟೆ. ಹಾಗೆಂದು ಗೇಟಿನ ಮೇಲೆ ಬೋರ್ಡೇ ಹಾಕಿದ್ದಾರೆ. ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದಂತೆ. ಇವರದು ಬಸ್ಸಿನಲ್ಲಿ ಹೋಗುವವರಿಗೂ ಗೊತ್ತಾಗಬೇಕು. ಆದರೂ ನಾನು ಆ ಗೇಟಿನ ಮುಂದೆ ಎಷ್ಟೋ ಸಲ ನಿಂತು, ಕಾದು, ಕೈ ಮುಗಿದು ಸೀಟು ತಗೊಂಡೆ. ನನ್ನ ಆಸೆ ಇಷ್ಟೆ: ಇವಳು ಮೋರಿಯ ಪಕ್ಕ ಕೂರಬಾರದು. ಓದಲಿ, ನಾಲ್ಕು ಜನರ ಜೊತೆ ಕೂತು ತಲೆಯೆತ್ತಿ ಮಾತಾಡಲಿ. ಬೇರೇನೂ ಕೇಳಿರಲಿಲ್ಲ.

ಶಾಲೆ ಸೇರಿ ಸ್ವಲ್ಪ ದಿನಕ್ಕೇ ಸಣ್ಣಿ ಮುಖದಲ್ಲಿ ಕಳೆ ಬಂತು. ಸಂಜೆ ಹೋಟೆಲಿನ ಹಿಂದೆ ಬಂದು, ಬೋರಲು ಹಾಕಿದ ಬಕೆಟಿನ ಮೇಲೆ ಕೂತು, ಪಿಸುಮಾತಿನಲ್ಲಿ ಹೇಳುವಳು.

‘ಅಮ್ಮ, ಇವತ್ತೂ ಟೀಚರ್ ನನ್ನ ಜಾಣೆ ಅಂದ್ರು.’

‘ಹೌದಾ? ಏನು ಕೇಳಿದ್ರು, ಏನು ಹೇಳ್ದೆ?’

‘ಏನೂ ಕೇಳಲಿಲ್ಲ. ಜಾಣೆ ಅಂದ್ರು.’

ನಾನು ಇನ್ನೇನು ಕೇಳಲಿ? ನನಗೆ ಓದು ಬರುವುದಿಲ್ಲ. ಜಾಣೆ ಎಂದರೆ ಜಾಣೆ. ಅಡುಗೆಯವನಿಗೆ ಹೇಳಿದೆ, ಅವನು ಅವಳಿಗೊಂದು ಬಾಳೆಹಣ್ಣು ಕೊಟ್ಟ. ಇಸ್ತ್ರಿ ಅಜ್ಜಿಗೆ ಹೇಳಿದೆ. ಅಜ್ಜಿ ಅವಳನ್ನು ಕೂರಿಸಿಕೊಂಡು, ‘ಎಲ್ಲಿ, ನಾಲ್ಕೂ ನಾಲ್ಕೂ ಎಷ್ಟು ಹೇಳು’ ಅಂದಳು. ಸಣ್ಣಿ ಅಜ್ಜಿಯ ಮುಖ ನೋಡಿದಳು. ಉತ್ತರ ಮುಖದಲ್ಲಿ ಸಿಗುತ್ತದೇನೋ ಎಂಬಂತೆ ನೋಡಿದಳು. ಆಮೇಲೆ, ‘ತಪ್ಪಾಯ್ತಜ್ಜಿ’ ಅಂದಳು.

‘ಮೂರನೇ ಕ್ಲಾಸಿಗೆ ಬಂದು ಇದೂ ಗೊತ್ತಿಲ್ವೇನೇ? ಜಾಣೆ ಹೆಂಗಾದ್ಳೇ ಇವಳು?’

‘ನಿಂಗ್ಯಾಕೆ ಹೊಟ್ಟೆಯುರಿ? ನೀನು ಹೆದರಿಸಿದ್ರೆ ಬಂದಿದ್ದೂ ಮರೆಯತ್ತೆ’ ಎಂದು ಮಗಳನ್ನು ಎಳೆದುಕೊಂಡು ಬಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅಜ್ಜಿ ಹಿಂದಿನಿಂದ ಅನ್ನುತ್ತಿದ್ದಳು.

ಆ ವರ್ಷ ಪೋಷಕರ ಸಭೆಗೆ ನಾನು ಹೋಗಲೇಬೇಕೆಂದುಕೊಂಡೆ. ಅದುವರೆಗೆ ಹೋಗಿರಲಿಲ್ಲ, ಸಭೆ ಇಡುವುದು ಹೋಟೆಲಿನಲ್ಲಿ ಜನ ತುಂಬಿರುವ ಹೊತ್ತಿಗೇ. ಯಜಮಾನರ ಕಾಲು ಹಿಡಿದು ಅರ್ಧ ದಿನ ರಜಾ ತಗೊಂಡೆ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟೆ. ಕೈಯ ಎಂಜಲು ವಾಸನೆ ಹೋಗಲಿ ಎಂದು ನಿಂಬೆಸಿಪ್ಪೆ ತಿಕ್ಕಿದೆ. ಬಿರುಕಿಗೆ ಹುಳಿ ಇಳಿದು ಉರಿಯೋ ಉರಿ. ಮಗಳು ಜಾಣೆ ಎಂದು ಟೀಚರ ಬಾಯಿಂದಲೇ ಕೇಳುತ್ತೇನೆ ಎಂಬ ಸಂಭ್ರಮದಲ್ಲಿ ಅದೂ ಲೆಕ್ಕಕ್ಕೆ ಬರಲಿಲ್ಲ.

ಸಭೆ ಇದ್ದದ್ದು ದೊಡ್ಡ ಹಾಲ್‌ನಲ್ಲಿ. ಸಾಲು ಸಾಲು ಕುರ್ಚಿ. ತಂದೆತಾಯಿಗಳೆಲ್ಲ ಕೂತಿದ್ದರು. ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿಗಳೂ ಇದ್ದವು. ನಾನು ಬಾಗಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಕೂರು ಎಂದೂ ಯಾರೂ ಹೇಳಲಿಲ್ಲ. ಹೇಳದಿದ್ದರೆ ನನ್ನಂಥವಳು ನಿಲ್ಲುತ್ತಾಳೆ, ಅದನ್ನು ಕಾಲಿಗೆ ಯಾರೂ ಕಲಿಸಬೇಕಿಲ್ಲ.

ವೇದಿಕೆಯ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿದ್ದರು. ನಾನು ಒಂದೊಂದೇ ತಲೆ ನೋಡಿದೆ. ಸಣ್ಣಿ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಮಗು ಎಲ್ಲಿ? ಹುಷಾರಿಲ್ಲವಾ? ಯಾರನ್ನು ಕೇಳಲಿ ಎನ್ನುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು.

ಸಣ್ಣಿ ಬಂದಳು. ಕೈಯಲ್ಲಿ ಅವಳಿಗಿಂತ ಅಗಲದ ಟ್ರೇ. ಟ್ರೇ ತುಂಬಾ ಟೀ ಕಪ್ಪುಗಳು. ಯೂನಿಫಾರ್ಮಿನ ತೋಳು ಮೊಣಕೈವರೆಗೆ ಒದ್ದೆ. ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಕತ್ತು ಬಿಗಿಹಿಡಿದು, ಒಂದು ಹನಿ ತುಳುಕದ ಹಾಗೆ ನಡೆಯುತ್ತಿದ್ದಳು. ಮೊದಲ ಸಾಲಿನಿಂದ ಶುರು ಮಾಡಿದಳು. ಒಬ್ಬೊಬ್ಬರ ಮುಂದೆ ನಿಂತು, ಬಾಗಿ, ಕಪ್ಪಿನ ಹಿಡಿ ಅವರ ಕಡೆ ಬರುವಂತೆ ಟ್ರೇ ತಿರುಗಿಸುತ್ತಿದ್ದಳು. ಅದು ನಮ್ಮ ಹೋಟೆಲಿನ ಸಪ್ಲೈಯರ್ ಮಾಡುವ ರೀತಿ. ಯಾರೂ ಹೇಳಿಕೊಟ್ಟಿದ್ದಲ್ಲ. ಬಕೆಟಿನ ಮೇಲೆ ಕೂತು, ಬಾಗಿಲ ಸಂದಿಯಿಂದ ನೋಡಿ ಕಲಿತದ್ದು.

ಒಬ್ಬಾಕೆ ಮಾತು ನಿಲ್ಲಿಸದೆಯೇ ಕೈ ಚಾಚಿ ಕಪ್ಪು ತಗೊಂಡಳು. ಒಬ್ಬರು ‘ಸಕ್ಕರೆ ಕಮ್ಮಿ ಇರೋದಿಲ್ವಾ?’ ಎಂದು ಕೇಳಿದರು, ಒಂದು ಮಗುವನ್ನು. ‘ತಪ್ಪಾಯ್ತು, ತರ್ತೀನಿ’ ಅಂದಳು. ಅವರ ಪಕ್ಕದಲ್ಲೇ ಅವರ ಮಗಳು, ಸಣ್ಣಿಯದೇ ವಯಸ್ಸು, ಅಪ್ಪನ ತೊಡೆಗೆ ಒರಗಿಕೊಂಡು ಬಿಸ್ಕತ್ತಿಗೆ ಹಠ ಮಾಡುತ್ತಿತ್ತು.

ಸಾಲು ಮುಗಿಸಿಕೊಂಡು ಅವಳು ನಾನಿದ್ದ ಗೋಡೆಯ ಹತ್ತಿರ ಬಂದಳು. ಟ್ರೇಯಲ್ಲಿ ಇನ್ನೂ ಕಪ್ಪುಗಳಿದ್ದವು. ನನ್ನನ್ನು ನೋಡಿದಳು. ನಾಚಿಕೊಂಡು ತಲೆ ತಗ್ಗಿಸಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವಳು ನಾಚಲಿಲ್ಲ. ಮುಖ ಅರಳಿತು. ನಾನು ಕೈ ಮುಂದೆ ಮಾಡಿದೆ. ಟೀ ಬೇಕಾಗಿತ್ತು ಅಂತಲ್ಲ, ಆ ಭಾರ ಇಳಿಸೋಣ ಎಂದು. ಅವಳು ಟ್ರೇಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಹತ್ತಿರ ಬಾಗಿ ಕಿವಿಯಲ್ಲಿ ಹೇಳಿದಳು:

‘ಅಮ್ಮ, ಕೂತೋರಿಗೆ ಮಾತ್ರ.’

ನನಗೆ ಬೈಗುಳ ತಪ್ಪಿಸುವವಳ ಹಾಗೆ ಹೇಳಿದಳು. ‘ಟೀಚರ್ ಹೇಳಿದ್ದಾರೆ, ಕುರ್ಚಿ ಮೇಲೆ ಕೂತೋರಿಗೆ ಮಾತ್ರ ಕೊಡು ಅಂತ.’ ಹೇಳಿ, ತಿರುಗಿ, ಉಳಿದ ಕಪ್ಪುಗಳನ್ನು ಹೊತ್ತುಕೊಂಡು ಹೋದಳು.

ನಾನು ಅವಳ ಹಿಂದೆಯೇ ಹೋದೆ. ಟೀಚರುಗಳ ಕೋಣೆ ದಾಟಿದರೆ ಹಿಂದೆ ಒಂದು ಜಾಗ. ಮೂರು ಕಡೆ ಗೋಡೆ, ಒಂದು ಕಡೆ ಮೋರಿ. ಒಂದು ನಲ್ಲಿ. ನಲ್ಲಿಗೆ ಕೈ ಎಟುಕಲಿ ಎಂದು ಕಾಲಡಿಗೆ ಒಂದು ಮುರಿದ ಸ್ಟೂಲು. ಸಣ್ಣಿ ಸ್ಟೂಲು ಹತ್ತಿ ಆಗಲೇ ಟೀಚರುಗಳ ಎಂಜಲು ಕಪ್ಪು ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ಅಂಚಿನ ಮೇಲೆ ಹೆಬ್ಬೆರಳು ಉಜ್ಜಿ ‘ಕಿರ್’ ಅನ್ನಿಸಿ ನೋಡುತ್ತಿದ್ದಳು. ಜಿಡ್ಡು ಹೋಗಿದೆಯೋ ಇಲ್ಲವೋ ನೋಡುವುದು ಹಾಗೆಯೇ. ಅದು ನನ್ನ ಹೆಬ್ಬೆರಳು. ಅವಳ ಕೈಯಲ್ಲಿ ಕೂತಿತ್ತು.

‘ಇದು ಯಾವಾಗಿಂದ?’

‘ಏನಮ್ಮ?’

‘ಇದೇ. ಕಪ್ಪು ತೊಳೆಯೋದು.’

‘ಒಂದನೇ ಕ್ಲಾಸಿಂದ. ದಿನಾ ಟೀಚರ್‌ಗಳು ಟೀ ಕುಡಿದಾದ್ಮೇಲೆ.’

‘ಆಗ ಕ್ಲಾಸಲ್ಲಿ ಏನು ನಡೀತಿರತ್ತೆ?’

‘ಲೆಕ್ಕ.’

‘ಮತ್ತೆ ನಿಂಗೆ ಲೆಕ್ಕ ಯಾರು ಹೇಳ್ಕೊಡ್ತಾರೆ?’

‘ನಂಗೆ ಬೇಡಮ್ಮ. ನಿನ್ನ ಕೈ ಒಳ್ಳೆ ಕೈ, ಲೆಕ್ಕ ಇಲ್ದಿದ್ರೂ ಬದುಕ್ತೀಯ ಅಂದ್ರು ಟೀಚರ್.’ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಕಣ್ಣು ಹೊಳೆಯುತ್ತಿತ್ತು. ‘ಬೇರೆ ಯಾರಿಗೂ ಈ ಕೆಲಸ ಕೊಡಲ್ಲ, ಗೊತ್ತಾ? ಎಷ್ಟೊಂದು ಮಕ್ಕಳಿದ್ದಾರೆ, ಆದ್ರೂ ನನ್ನನ್ನೇ ಹೆಸರು ಹಿಡಿದು ಕರೀತಾರೆ. ಎಲ್ಲಾ ತೊಳೆದಿಟ್ಟ ಮೇಲೆ ಟೀಚರ್ ಜಾಣೆ ಅಂತಾರೆ. ಹಿಂಗೆ ಮಾಡ್ತಾರೆ.’

ಹೇಗೆಂದು ತೋರಿಸಲು ತನ್ನ ಒದ್ದೆ ಕೈಯನ್ನು ತಾನೇ ತನ್ನ ತಲೆಯ ಮೇಲಿಟ್ಟು ಸವರಿಕೊಂಡಳು. ‘ಟೀಚರ್‌ಗೆ ನಾನಂದ್ರೆ ಇಷ್ಟ ಅಮ್ಮ.’

ಹೊಡೆದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹೊಡೆದವರು ಯಾರೆಂದು ಮಗುವಿಗೆ ಗೊತ್ತಾಗುತ್ತದೆ, ಇವತ್ತಲ್ಲ ನಾಳೆ ಆ ಕೈಯನ್ನು ತಡೆಯುತ್ತದೆ. ಮೂಗಿಗೆ ತುಪ್ಪ ಸವರಿ ದುಡಿಸಿಕೊಂಡವರನ್ನು ಅದು ಹೇಗೆ ಗುರುತಿಸಬೇಕು? ನನ್ನ ಮಗುವಿಗೆ ಪ್ರೀತಿಯೆಂದರೆ ಎಂಜಲು ತೊಳೆದ ಮೇಲೆ ಸಿಗುವ ಕೂಲಿ ಎಂದು ಕಲಿಸಿದ್ದರು. ಅದಕ್ಕೊಂದು ಶಾಲೆ, ಅದಕ್ಕೊಂದು ಬೋರ್ಡು. ಥೂ.

ಕೈ ಹಿಡಿದು ಅವಳನ್ನು ಸಭೆಗೆ ಎಳೆದುಕೊಂಡು ಬಂದೆ. ದೊಡ್ಡ ಟೀಚರು ಮೈಕಿನ ಮುಂದೆ ನಿಂತು ಬುದ್ಧಿ ಹೇಳುತ್ತಿದ್ದರು. ‘ಮಕ್ಕಳಿಗೆ ಮನೆಯಲ್ಲಿ ಕೆಲಸ ಹೇಳಬೇಡಿ. ಆಡೋಕೆ ಬಿಡಿ. ಆಟದಲ್ಲೇ ಅವರ ಮನಸ್ಸು ಬೆಳೆಯೋದು…’

‘ನನ್ನ ಮಗಳ ಮನಸ್ಸು ಎಲ್ಲಿ ಬೆಳೀತಿದೆ ಟೀಚರ್? ನಿಮ್ಮ ಮೋರೀಲಾ?’

ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ತಲೆಗಳೆಲ್ಲ ತಿರುಗಿದವು. ಮುಂದಿನ ಸಾಲಿನಿಂದ ಸಣ್ಣಿಯ ಟೀಚರು ಎದ್ದು ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಹಾಲಿನಂಥ ಮಾತು.

‘ಏನಾಯ್ತಮ್ಮ? ನೀನು ಇವಳ ತಾಯೀನಾ?’

‘ಹೌದು. ಲೆಕ್ಕದ ಹೊತ್ತಲ್ಲಿ ಇವಳ ಕೈಲಿ ನಿಮ್ಮ ಎಂಜಲು ಯಾಕೆ ತೊಳೆಸ್ತೀರಾ?’

‘ಅಯ್ಯೋ ರಾಮ, ನಾವೇನು ಬಲವಂತ ಮಾಡಿದ್ದೀವಾ? ಅವಳೇ ಖುಷಿಯಿಂದ ಮಾಡ್ತಾಳೆ. ಅವಳಿಗೆ ಅಭ್ಯಾಸ ಇದೆ.’ ಮಗಳ ಕಡೆ ತಿರುಗಿದರು. ‘ಹೇಳು ಪುಟ್ಟಿ, ನಾನು ಯಾವತ್ತಾದ್ರೂ ಬಲವಂತ ಮಾಡಿದ್ನಾ?’

ಸಣ್ಣಿ ತಲೆ ಅಲ್ಲಾಡಿಸಿದಳು. ಇಲ್ಲ.

‘ನೋಡಿದ್ಯಾ?’

ಸಕ್ಕರೆ ಕಮ್ಮಿ ಕೇಳಿದ್ದರಲ್ಲ, ಅವರು ಕೂತಲ್ಲಿಂದಲೇ ಅಂದರು: ‘ಕೆಲಸ ಕಲಿತರೆ ತಪ್ಪೇನಮ್ಮ? ಮುಂದೆ ಉಪಯೋಗಕ್ಕೆ ಬರತ್ತೆ.’

‘ಹಂಗಾದ್ರೆ ನಾಳೆಯಿಂದ ನಿಮ್ಮ ಮಗಳನ್ನೂ ಕಳಿಸಿ ಸಾರ್. ಸ್ಟೂಲ್ ಇದೆ. ಇವಳೇ ಹೇಳ್ಕೊಡ್ತಾಳೆ.’

ಅವರು ಬಿಸ್ಕತ್ತಿನ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ಮಗುವಿಗೇ ಕೈ ಹಾಕಿದೆನೋ ಎಂಬಂತೆ.

ಆಗಲೇ ದೊಡ್ಡ ಟೀಚರು ಆ ಮಾತು ಅಂದದ್ದು, ಮಾತಾಡೋಕೆ ಬರಲ್ಲ ಎಂದು. ‘ಪುಕ್ಕಟೆ ಸೀಟು ಕೊಟ್ಟು ಕೂರಿಸಿಕೊಂಡಿದ್ದೀವಿ. ಉಂಡ ಮನೆಯ ಗಳ ಎಣಿಸೋಕೆ ಬಂದಿದ್ದಾಳೆ’ ಎಂದೂ ಅಂದರು.

‘ಉಂಡಿದ್ದು ಯಾರು ಟೀಚರ್? ಉಂಡಿದ್ದು ನೀವು, ತೊಳೆದಿದ್ದು ಅವಳು. ಮೂರು ವರ್ಷ ತೊಳೆದಿದ್ದಾಳೆ. ಪುಕ್ಕಟೆ ಯಾವ ಬಾಯಲ್ಲಿ ಅಂತೀರಾ? ನಾಳೆಯಿಂದ ಅವಳು ಕಪ್ಪು ಮುಟ್ಟಲ್ಲ. ಸೀಟೂ ಬಿಡಲ್ಲ. ಅಷ್ಟೆ.’

ಹೇಳಿ ಮತ್ತೆ ಗೋಡೆಗೆ ಹೋಗಲಿಲ್ಲ. ಹಿಂದಿನ ಸಾಲಿನ ಖಾಲಿ ಕುರ್ಚಿ ಎಳೆದು ಅದರ ಮೇಲೆ ಕೂತೆ.

‘ಈಗ ಕೂತಿದ್ದೀನಿ’ ಅಂದೆ. ‘ಟೀ ಕೊಡಿ.’

ಚಿಕ್ಕ ಟೀಚರು ಅಭ್ಯಾಸದಂತೆ ಸಣ್ಣಿಯ ಕಡೆ ನೋಡಿದರು. ಬರೀ ನೋಡಿದರು. ಅಷ್ಟು ಸಾಕಾಯಿತು. ಸಣ್ಣಿ ಓಡಿದಳು. ‘ಸಣ್ಣೀ, ನೀನಲ್ಲ!’ ಎಂದು ಕೂಗಿದೆ. ನಿಂತಳು. ನನ್ನ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ಎಲ್ಲರ ಮುಖ ಓದಿ ಬದುಕಿದ ಮಗು. ಎರಡು ಮುಖ ಎರಡು ಮಾತು ಹೇಳಿದಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಅತ್ತಳು. ಹಣೆ ಒಡೆದಾಗ ಅಳದವಳು ಅತ್ತಳು. ನನ್ನ ಹತ್ತಿರ ಬಂದು ಅಳಲಿಲ್ಲ. ಟೀಚರ ಹತ್ತಿರ ಓಡಿ ಅವರ ಬಟ್ಟೆಯ ತುದಿ ಹಿಡಿದುಕೊಂಡಳು.

‘ಅಮ್ಮನಿಗೆ ಗೊತ್ತಾಗಲ್ಲ ಟೀಚರ್. ನಾನೇನೂ ಹೇಳಿಲ್ಲ ಟೀಚರ್. ನಾನು ಇನ್ನೂ ಚೆನ್ನಾಗಿ ತೊಳೀತೀನಿ ಟೀಚರ್.’

ಹಾಲಿನಂಥ ಮಾತಿನ ಆ ಹೆಂಗಸು ಬಟ್ಟೆಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒದ್ದೆಯಾದ ಜಾಗವನ್ನು ಕರ್ಚೀಫಿನಲ್ಲಿ ಒತ್ತಿಕೊಂಡರು. ನಾನು ಮಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಎಂಟು ವರ್ಷದವಳು, ಎತ್ತಿದರೆ ಭಾರವೇ ಇರಲಿಲ್ಲ.

ಮರುದಿನ ಹೋಟೆಲಿನಲ್ಲಿ ಅಡುಗೆಯವನು ‘ಭಲೇ ಹೆಣ್ಣು’ ಅಂದ. ಯಜಮಾನರು, ‘ಆ ಸ್ಕೂಲಿನೋರು ನಮ್ಮ ಗಿರಾಕಿಗಳು. ನಾಲಿಗೆ ಹತೋಟಿಯಲ್ಲಿಟ್ಕೋ, ಇಲ್ಲಾಂದ್ರೆ ಬೇರೆ ಮೋರಿ ನೋಡ್ಕೋ’ ಅಂದರು. ಸೀಟು ಕಿತ್ತುಕೊಳ್ಳಲಿಲ್ಲ. ಹೇಗೆ ಕೀಳುತ್ತಾರೆ? ಗೇಟಿನ ಮೇಲೆ ಬೋರ್ಡು ಇದೆಯಲ್ಲ. ನಾನು ಗೆದ್ದೆ ಅಂದುಕೊಂಡೆ.

ದಿನಾ ಸಂಜೆ ಕೇಳುತ್ತಿದ್ದೆ. ‘ಲೆಕ್ಕ ಹೇಳ್ಕೊಟ್ರಾ?’

‘ಹೂಂ.’

‘ಅರ್ಥ ಆಯ್ತಾ?’

‘ಹೂಂ.’

ಅದಕ್ಕಿಂತ ಹೆಚ್ಚು ಮಾತಿಲ್ಲ. ಜಾಣೆ ಎನ್ನುವ ಸುದ್ದಿಯಂತೂ ನಿಂತೇ ಹೋಯಿತು. ಮನೆಯಲ್ಲಿ ತೊಳೆದಿಟ್ಟ ಪಾತ್ರೆಯನ್ನು ತೆಗೆದು ಮತ್ತೆ ತೊಳೆಯುತ್ತಿದ್ದಳು. ಕಿತ್ತುಕೊಂಡರೆ ಖಾಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಕೂರುತ್ತಿದ್ದಳು. ‘ಹೋಗಿ ಆಡೇ’ ಎಂದರೆ ಹೋಗಿ ಮೋರಿಯ ಪಕ್ಕ ನಿಲ್ಲುತ್ತಿದ್ದಳು, ಚೆಂಡು ಬೀಳುವುದನ್ನೇ ಕಾಯುತ್ತಾ. ಸರಿಹೋಗುತ್ತಾಳೆ, ಹೊಸದು, ಒಗ್ಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇಸ್ತ್ರಿ ಅಜ್ಜಿ ಮಾತ್ರ ‘ಈ ಮಗು ಒಳಗೊಳಗೇ ಸುಡ್ತಿದೆ ಕಣೇ’ ಎಂದಿದ್ದಳು.

ಒಂದು ಸಂಜೆ ತಟ್ಟೆಗೆ ಬಡಿಸಿ ಕರೆದೆ. ಬರಲಿಲ್ಲ. ಇನ್ನೊಮ್ಮೆ ಕರೆದೆ. ಬಂದಳು, ಕೂತಳು, ತಟ್ಟೆ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಗೋಡೆಗೆ ಹೊಡೆದಳು.

ಅನ್ನ ಹಾರಿ ಹಾಸಿಗೆಯ ಮೇಲೆಲ್ಲ ಬಿತ್ತು. ಯಾವತ್ತೂ ಏನೂ ಬೇಡದ, ಏನೂ ಬೇಡವೆನ್ನದ ಮಗು.

‘ನೀನ್ಯಾಕೆ ಬಂದೆ?’ ಎಂದು ಕಿರುಚಿದಳು. ‘ಸ್ಕೂಲಿಗೆ ನೀನ್ಯಾಕೆ ಬಂದೆ?’

‘ಸಣ್ಣೀ…’

‘ಈಗ ವಾಚ್‌ಮನ್ ಮಗಳು ತೊಳೀತಾಳೆ! ಒಂದನೇ ಕ್ಲಾಸಿನೋಳು! ಅವಳಿಗೆ ಸರಿಯಾಗಿ ಹಿಡಿಯೋಕೂ ಬರಲ್ಲ! ಟೀಚರ್ ಇವತ್ತು ಅವಳ ತಲೆ ಸವರಿದ್ರು. ನಾನು ಕಿಟಕಿಯಿಂದ ನೋಡ್ದೆ. ನನ್ನ ನೋಡೋದೇ ಇಲ್ಲ ಅವರು. ಹೆಸರು ಕರೆಯೋದೇ ಇಲ್ಲ. ಒಂದ್ಸಲ ಕರೆದ್ರು. ಬೋರ್ಡ್ ಹತ್ರ ನಿಲ್ಸಿ, ಇವರಮ್ಮನಿಗೆ ಲೆಕ್ಕ ಬೇಕಂತೆ, ಮಾಡಮ್ಮ ಲೆಕ್ಕ ಅಂದ್ರು. ನಂಗೆ ಬರಲ್ಲ! ನಂಗೆ ಒಂದೂ ಬರಲ್ಲ! ಎಲ್ಲರೂ ನಕ್ರು. ಅವರು ನಕ್ಕಾಗ ನಾನೂ ನಕ್ಕೆ!’

ನಾನು ಹತ್ತಿರ ಹೋದೆ. ಎರಡೂ ಕೈಯಲ್ಲಿ ನನ್ನನ್ನು ತಳ್ಳಿದಳು.

‘ಮುಟ್ಬೇಡ! ನಿನ್ನಿಂದಾನೇ ಆಗಿದ್ದು. ಟೀಚರ್ ಆದ್ರೆ ತಲೆ ಸವರ್ತಿದ್ರು. ನೀನು ಯಾವತ್ತು ಸವರಿದ್ದೆ? ಅಳಬೇಡ, ಕೇಳಬೇಡ, ಸುಮ್ನಿರು, ಸುಮ್ನಿರು, ಸುಮ್ನಿರು. ಅಷ್ಟೇ ನಿಂಗೆ ಬರೋದು!’

ಸಭೆಯಲ್ಲಿ ಅಷ್ಟು ಜನರ ಎದುರು ಮಾತಾಡಿದವಳಿಗೆ ಈ ಒಂದು ಮಗುವಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ಏನು ಹೇಳಲಿ? ನಿನ್ನ ಬಾಯಿ ಮುಚ್ಚಿಸಿದ್ದಕ್ಕೇ ನಮ್ಮಿಬ್ಬರ ಬಾಯಿಗೆ ತುತ್ತು ಬಿತ್ತು ಎನ್ನಲೇ? ತಲೆ ಸವರುವ ಹೊತ್ತನ್ನೂ ಹೋಟೆಲಿನವರಿಗೆ ಮಾರಿಕೊಂಡಿದ್ದೆ ಎನ್ನಲೇ? ಅದೆಲ್ಲ ನಿಜ. ಎಂಟು ವರ್ಷದ ಮಗುವಿಗೆ ಆ ನಿಜ ಕಟ್ಟಿಕೊಂಡು ಏನಾಗಬೇಕು?

ಗಲಾಟೆ ಕೇಳಿ ಇಸ್ತ್ರಿ ಅಜ್ಜಿ ಬಾಗಿಲಿಗೆ ಬಂದಳು. ಅವಳ ಹಿಂದೆ ಗಲ್ಲಿಯ ಇನ್ನಿಬ್ಬರು. ಚೆಲ್ಲಿದ ಅನ್ನ ನೋಡಿ ಒಬ್ಬಳು, ‘ಅಯ್ಯೋ, ಅನ್ನ ಎಸೆಯೋ ಸೊಕ್ಕಾ? ಎರಡು ಬಿಗಿಯೇ, ಬುದ್ಧಿ ಬರತ್ತೆ’ ಅಂದಳು. ನನ್ನ ಕೈಯೂ ಎದ್ದಿತ್ತು, ಸುಳ್ಳು ಯಾಕೆ ಹೇಳಲಿ. ಅನ್ನ ಚೆಲ್ಲಿದರೆ ನಮ್ಮಂಥವರ ಕೈ ತಾನೇ ಏಳುತ್ತದೆ.

ಸಣ್ಣಿ ಎದ್ದ ಕೈ ನೋಡಿದಳು. ಬಾಯಿ ಮುಚ್ಚಿಕೊಳ್ಳಲಿಲ್ಲ. ‘ಹೊಡಿ!’ ಅಂದಳು. ‘ಹೊಡಿ ನೋಡೋಣ!’

ಆಗ ನನಗೆ ಕಂಡಿತು. ಮುಷ್ಟಿ ಬಿಗಿದು, ಮೂಗು ಸುರಿಸುತ್ತಾ, ಕೂದಲು ಕೆದರಿಕೊಂಡು ನನ್ನೆದುರು ನಿಂತಿದ್ದದ್ದು ಒಂದು ಮಗು. ಸಕ್ಕರೆ ಕಮ್ಮಿಯವರ ಮಗಳಿಗೆ ಹುಟ್ಟಿನಿಂದ ಸಿಕ್ಕಿದ್ದು ನನ್ನ ಮಗಳಿಗೆ ಇವತ್ತು ಸಿಕ್ಕಿತ್ತು. ಯಾರ ಮುಖವನ್ನೂ ನೋಡದೆ ಅವಳಿಗೆ ಸಿಟ್ಟು ಬಂದಿತ್ತು. ಅದು ಬಂದದ್ದು ನನ್ನ ಮೇಲೆ. ಬೇರೆ ಯಾರ ಮೇಲೆ ಬರಬೇಕು? ಅವಳಿಗೆ ಬೈಯಲು ಸಿಕ್ಕುವ ದೊಡ್ಡವಳು ಈ ಊರಲ್ಲಿ ನಾನೊಬ್ಬಳೇ.

ಕೈ ಇಳಿಸಿದೆ. ‘ಹೋಗ್ರೇ, ನಿಮ್ಮ ನಿಮ್ಮ ಮನೆಗೆ ಹೋಗ್ರಿ’ ಅಂದೆ. ‘ನನ್ನ ಮಗಳು ನನಗೆ ಬೈತಿದ್ದಾಳೆ. ಬೈಲಿ.’

ಬಾಗಿಲು ಹಾಕಿಕೊಂಡೆ. ಅವಳು ಇನ್ನೂ ಬಹಳ ಹೊತ್ತು ಬೈದಳು. ಬೈಗುಳವೂ ಸರಿಯಾಗಿ ಬರುವುದಿಲ್ಲ ಪಾಪ; ‘ಕೆಟ್ಟೋಳು, ಕೆಟ್ಟೋಳು’ ಎಂದದ್ದನ್ನೇ ಎಂದಳು. ನಾನು ಅನ್ನ ಬಳಿದು ಹಾಕಿ ಎದುರು ಕೂತೆ. ಸುಮ್ಮನಿರು ಎನ್ನಲಿಲ್ಲ. ಕಡೆಗೆ ಬಿಕ್ಕಳಿಕೆಯಷ್ಟೇ ಉಳಿಯಿತು.

‘ನಾಳೆ ನಾನು ಸ್ಕೂಲಿಗೆ ಹೋಗಲ್ಲ.’

‘ಹೋಗ್ತೀಯ.’

‘ಹೋಗಲ್ಲ!’

‘ಹೋಗ್ತೀಯ. ನಾನೂ ಬರ್ತೀನಿ, ಯಜಮಾನರು ಏನಾದ್ರೂ ಮಾಡ್ಕೊಳ್ಲಿ. ಈ ಸಿಟ್ಟನ್ನ ಇಲ್ಲಿ ಮಾಡಿದ್ಯಲ್ಲ, ಅಲ್ಲಿ ಹೋಗಿ ಮಾಡು. ಆ ಬೋರ್ಡ್ ಹತ್ರ ನಿಂತ್ಕೊಂಡು ಮಾಡು. ನಂಗೆ ಹೇಳ್ಕೊಟ್ಟಿಲ್ಲ, ಅದಕ್ಕೇ ಬರಲ್ಲ ಅನ್ನು. ಹಿಂಗೇ ಕಿರುಚು.’

ಬಿಕ್ಕಳಿಕೆ ನಿಂತಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಹಳೆಯ ಹಾಗೆಯೇ, ಕಣ್ಣು ಕಿರಿದು ಮಾಡಿ, ಹುಡುಕಿ ಹುಡುಕಿ ನೋಡಿದಳು.

‘ಅಲ್ಲಿ ಸಿಟ್ಟು ಮಾಡ್ಕೋಬಹುದಾ ಅಮ್ಮ?’ ಎಂದು ಕೇಳಿದಳು. ‘ನಮ್ಮಂಥೋರು?’

‘ಮಾಡ್ಕೋಬಹುದು’ ಅಂದೆ.

ಅವಳು ನಂಬಲಿಲ್ಲ.